ಅವಕ್ರಯ ವಿಚಾರ: ಬಾಡಿಗೆದಾರನನ್ನು ಮನೆ ಬಿಡಿಸುವ ಅಧಿಕಾರ

ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಮೂರನೆಯ ಅಧಿಕರಣಕ್ಕೆ ಧರ್ಮಸ್ಥೀಯವೆಂದು ಹೆಸರು. ಅದರ ಎಂಟನೆಯ ಅಧ್ಯಾಯವು ಗೃಹವಾಸ್ತುವನ್ನು ಕುರಿತದ್ದು. ನೆರೆಮನೆಗಳಿಗೆ ನಡುವೆ ಬಿಡತಕ್ಕ ಎಡೆ, ನೀರು ಹರಿದುಹೋಗುವ ದಾರಿ, ಬೆಳಕಿಗಾಗಿ ಇಡತಕ್ಕ ಕಿಟಕಿ ಇವೇ ಮೊದಲಾದುವನ್ನು ವಿಧಿಸುತ್ತ ಹೋಗುವ ಗ್ರಂಥಕಾರನು, ನಡುವೆ ಎರಡು ಚಿಕ್ಕ ಸೂತ್ರಗಳಲ್ಲಿ ಬಾಡಿಗೆಮನೆಯ ವ್ಯವಹಾರವನ್ನು ಹೇಳಿ ಮುಗಿಸಿಬಿಡುವನು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸಿದಂದಿನಿಂದ ಅದರ ರಾಜನೀತಿಯ ಭಾಗಗಳನ್ನು ಕುರಿತು ಬೇಕಾದಷ್ಟು ಚರ್ಚೆ ನಡೆದಿದೆ. ಈ ಎರಡು ಸೂತ್ರಗಳು ಸಾಲದಷ್ಟು ಆದರವನ್ನು ಪಡೆದಿವೆಯೆಂದು ನಮಗೆ ತೋರುವುದರಿಂದ ಅವುಗಳ ಅರ್ಥವನ್ನು ಇಲ್ಲಿ ವಿವರಿಸುತ್ತೇವೆ. ಗ್ರಂಥದ ಕಾಲನಿರ್ಣಯದ ವಿವಾದಕ್ಕೆ ಪ್ರಕೃತದಲ್ಲಿ ಕೈ ಹಾಕುವುದಿಲ್ಲ.

ಮೊದಲು ಶಬ್ದಗಳನ್ನು ನೋಡೋಣ. ನಾವು ಈಗ ಬಳಸುವ 'ಬಾಡಿಗೆ' ಎಂಬುದು ಭಾಟಕ ಶಬ್ದದ ತದ್ಭವ. ಕೌಟಲ್ಯನು ಇಲ್ಲಿ ಪ್ರಯೋಗಿಸುವ ಪದವು 'ಅವಕ್ರಯ'. ಕ್ರಯವೆಂದರೆ ಕೊಳ್ಳುವುದು ಸರಿಯಷ್ಟೆ. ಅವಕ್ರಯವನ್ನು ಕೊಟ್ಟವನು ವಸ್ತುವನ್ನಲ್ಲ, ಒಂದು ಕಾಲಾವಧಿಯ ಭೋಗವನ್ನು ಕೊಂಡಿರುವನೆಂಬ ಭಾವವು ಪದದಲ್ಲಿಯೇ ಅಡಗಿದೆ. ಸೂತ್ರಗಳೆಲ್ಲ ಈ ಭಾವವನ್ನೇ ಅನುಸರಿಸಿ ನಡೆಯುತ್ತವೆ.

ಅವುಗಳ ತಾತ್ಪರ್ಯವಿಷ್ಟು: ಇರಕೂಡದೆಂದು ತಡೆದ ಮೇಲೂ ಮನೆಯಲ್ಲಿ ನಿಂತವನಿಗೆ ೧೨ ಪಣ ದಂಡ, ಅವಕ್ರಯವನ್ನು ಕೊಟ್ಟವನನ್ನು ಹೊರದೂಡುವ ಒಡೆಯನಿಗೂ ಅಷ್ಟೇ ದಂಡ. ಆದರೆ ಬಾಡಿಗೆದಾರನು ಪಾರುಷ್ಯ, ಸ್ತೇಯ, ಸಾಹಸ, ಸಂಗ್ರಹಣ, ಮಿಥ್ಯಾಭೋಗ ಎಂಬ ಐದರಲ್ಲಿ ಯಾವುದಾದರೊಂದು ತಪ್ಪನ್ನು ಮಾಡಿದ್ದರೆ ಒಡೆಯನಿಗೆ ದಂಡವಿಲ್ಲ. ತಾನಾಗಿಯೇ ಬಿಟ್ಟು ಹೊರಡುವವನು ವರ್ಷದ ಅವಕ್ರಯದಲ್ಲಿ ಉಳಿದಷ್ಟನ್ನು ಸಲ್ಲಿಸತಕ್ಕದ್ದು.

ಇಲ್ಲಿ ಒಂದು ತೊಡಕುಂಟು. ಒಡೆಯನು ಇಷ್ಟಬಂದಾಗ ತಡೆಯಬಹುದು, ತಡೆದ ಕೂಡಲೆ ನಿಂತವನು ದಂಡಾರ್ಹನಾಗುವನು ಎಂದು ಮೊದಲ ವಿಧಿಯನ್ನು ಓದಿದರೆ ಎರಡನೆಯ ವಿಧಿಯು ವ್ಯರ್ಥವಾಗುವುದು. ಒಂದೇ ಸೂತ್ರದ ಒಂದರ್ಧವು ಇನ್ನೊಂದರ್ಧವನ್ನು ನುಂಗಿಹಾಕುವಂತೆ ವ್ಯಾಖ್ಯಾನಿಸುವುದು ಯಾವ ಶಾಸ್ತ್ರದಲ್ಲಿಯೂ ಸಲ್ಲದು. ಆದುದರಿಂದ, ಅವಧಿ ತೀರಿದ ಮೇಲೆಯೋ, ಅವಕ್ರಯ ಸಲ್ಲದಿರುವಾಗಲೋ, ಐದು ತಪ್ಪುಗಳಲ್ಲೊಂದು ನಡೆದಾಗಲೋ ಮಾಡಿದ ತಡೆಯೇ ತಡೆಯೆಂದು ಗ್ರಹಿಸಬೇಕು. ಮಿಕ್ಕ ವೇಳೆಯಲ್ಲಿ ಬಾಯಿಮಾತಿನ ತಡೆಗೆ ಬೆಲೆಯಿಲ್ಲ.

ಐದರಲ್ಲಿ ಮೊದಲ ನಾಲ್ಕು ಸ್ಪಷ್ಟ: ಬೈಗುಳು ಹೊಡೆದಾಟ, ಕಳವು, ಬಲಾತ್ಕಾರದ ಸುಲಿಗೆ, ಪರಸ್ತ್ರೀಸಂಗ. ಮಿಥ್ಯಾಭೋಗವೆಂಬುದನ್ನು ಶಾಮಶಾಸ್ತ್ರಿಗಳು ತಮ್ಮ ಇಂಗ್ಲಿಷ್ ಅನುವಾದದಲ್ಲಿ ಸುಳ್ಳು ಹಕ್ಕಿನಿಂದ ಅನುಭವಿಸುವುದೆಂದು ತೆಗೆದುಕೊಂಡಿರುವರು. ಕೊಟ್ಟ ಉದ್ದೇಶವನ್ನು ಮೀರಿ ಮನೆಯನ್ನು ಬಳಸುವುದೆಂದೂ ಅರ್ಥ ಹೇಳಲು ಅವಕಾಶವುಂಟು. ೧೮೮೨ರ ಸ್ವತ್ತಿನ ವರ್ಗಾವಣೆಯ ಶಾಸನವು ಈ ಎರಡನ್ನೂ ಬೇರೆಬೇರೆಯಾಗಿ ಹೇಳುತ್ತದೆ: ಗೊತ್ತಾದ ಉದ್ದೇಶಕ್ಕಲ್ಲದೆ ಬೇರೊಂದಕ್ಕೆ ಬಳಸಬಾರದೆಂಬುದು ೧೦೮ನೆಯ ಸೆಕ್ಷನ್ನಿನಲ್ಲಿದೆ, ಒಡೆಯನ ಹಕ್ಕನ್ನೇ ಅಲ್ಲಗಳೆದವನ ಬಾಡಿಗೆಹಕ್ಕು ಅಳಿಯಬಹುದೆಂಬುದು ೧೧೧ನೆಯದರಲ್ಲಿದೆ. ಮಿಕ್ಕ ನಾಲ್ಕೂ ವ್ಯವಹಾರಶಾಸ್ತ್ರದಲ್ಲಿ ಅಪರಾಧಗಳೆನಿಸಿರುವುದನ್ನು ನೋಡಿದರೆ ಶಾಸ್ತ್ರಿಗಳ ಅರ್ಥವೇ ಸಮಂಜಸವೆನ್ನಬೇಕು.

ಈ ಪಟ್ಟಿಯಲ್ಲಿ ಇಲ್ಲದಿರುವ ಒಂದು ಕಾರಣ ಗಮನಾರ್ಹವಾಗಿದೆ. 'ಮನೆ ನನಗೇ ಬೇಕಾಗಿದೆ' ಎಂಬ ಒಡೆಯನ ಮಾತಿಗೆ ಅಲ್ಲಿ ಸ್ಥಾನವಿಲ್ಲ. ೧೯೬೧ರ ಮೈಸೂರು ಬಾಡಿಗೆ ನಿಯಂತ್ರಣ ಶಾಸನದಲ್ಲಾದರೋ ಬಾಡಿಗೆಯ ಬಾಕಿ, ಒಳಬಾಡಿಗೆ, ನೆರೆಯವರಿಗೆ ಉಪದ್ರವ ಮೊದಲಾದುವುಗಳೊಡನೆ ಒಡೆಯನ ಪ್ರಾಮಾಣಿಕವಾದ ಸ್ವಂತ ಅಗತ್ಯವೂ ಒಂದು ಕಾರಣವಾಗಿತ್ತು. ಅದರ ಸ್ಥಾನದಲ್ಲಿ ಬಂದ ೧೯೯೯ರ ಕರ್ನಾಟಕ ಬಾಡಿಗೆ ಶಾಸನದಲ್ಲಿಯೂ ಇದೆ. ಕೌಟಲ್ಯನು ಒಡೆಯನಿಗೆ ನಿರ್ದಯನಾಗಿದ್ದನೆಂದು ಇದರಿಂದ ಊಹಿಸಬೇಕಾಗಿಲ್ಲ. ಅವನ ಲೆಕ್ಕದಲ್ಲಿ ಅವಧಿಯೆಂಬುದು ಒಂದು ವರ್ಷ. ಅಷ್ಟು ದಿನ ಕಾದರೆ ಮನೆ ಒಡೆಯನಿಗೆ ತಾನಾಗಿ ಬರುವುದು. ನಗರಗಳಲ್ಲಿ ಮನೆಗಳ ಅಭಾವ ತಲೆದೋರಿದಾಗ ಹುಟ್ಟಿದ ನಿಯಂತ್ರಣ ಶಾಸನಗಳು, ಕರಾರಿನ ಅವಧಿ ತೀರಿದ ಮೇಲೂ ಬಾಡಿಗೆದಾರನನ್ನು ಕಾಪಾಡಿದುವು. ಅವಧಿಗೆ ಕೊನೆಯೇ ಇಲ್ಲದಿರುವಲ್ಲಿ ಒಡೆಯನಿಗೆ ಬೇರೊಂದು ಬಾಗಿಲನ್ನು ತೆರೆಯಲೇಬೇಕಾಯಿತು.

ಸರ್ಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆಯೂ ಎರಡು ಕಡೆ ಉಂಟು, ಗುರಿ ಮಾತ್ರ ಬೇರೆ. ನಾಗರಿಕಪ್ರಣಿಧಿಯಲ್ಲಿ, ಮನೆಗೆ ಬಂದವರನ್ನೂ ಹೊರಟವರನ್ನೂ ಗೃಹಸ್ಥನು ಅಧಿಕಾರಿಗೆ ತಿಳಿಸಬೇಕು. ತಪ್ಪಿದರೆ ಆ ರಾತ್ರಿ ನಡೆದ ಅಪರಾಧಕ್ಕೆ ಹೊಣೆಗಾರ, ಏನೂ ನಡೆಯದಿದ್ದರೂ ೩ ಪಣ ತೆರತಕ್ಕದ್ದು. ಅಲ್ಲಿಯ ಚಿಂತೆ ಅಪರಿಚಿತನದು. ೧೯೬೧ರ ಶಾಸನದ ಚಿಂತೆ ಬರಿದಾದ ಮನೆಯದು: ಮನೆ ಖಾಲಿಯಾದ ೧೫ ದಿನಗಳೊಳಗೆ ಒಡೆಯನು ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಗಿತ್ತು, ಯಾರಿಗೆ ಕೊಡಬೇಕೆಂಬುದನ್ನು ಆ ಅಧಿಕಾರಿಯೇ ಗೊತ್ತುಮಾಡಬಹುದಾಗಿತ್ತು.

ನಾರದಸ್ಮೃತಿಯ ಒಂದು ವಿಧಿಯನ್ನೂ ಇಲ್ಲಿ ಸ್ಮರಿಸಬಹುದು. ಪರರ ನೆಲದಲ್ಲಿ ಬಾಡಿಗೆ ತೆತ್ತು ಮನೆ ಕಟ್ಟಿಕೊಂಡವನು ಹೊರಡುವಾಗ ಹುಲ್ಲು, ಮರ, ಇಟ್ಟಿಗೆಗಳನ್ನು ಕೊಂಡೊಯ್ಯಬಹುದು. ಬಾಡಿಗೆ ತೆರದಿದ್ದವನಿಗೆ ಆ ಹಕ್ಕಿಲ್ಲ. ತೆತ್ತ ಹಣವೇ ಇಲ್ಲಿಯೂ ಹಕ್ಕಿಗೆ ಮೂಲ.

ಕನ್ನಡದಲ್ಲಿ ಈ ಕ್ರಿಯೆಗೆ 'ಒಕ್ಕಲೆಬ್ಬಿಸು' ಎಂಬ ಮಾತಿದೆ. ಒಕ್ಕಲೆಂದರೆ ನೆಲೆಯೂ ಹೌದು, ನೆಲೆಸಿದ ಕುಟುಂಬವೂ ಹೌದು. ಹೊರಡಿಸುವುದು ಒಬ್ಬ ಕರಾರುದಾರನನ್ನಲ್ಲ, ಒಲೆ ಹೂಡಿದ ಸಂಸಾರವನ್ನು ಎಂಬುದನ್ನು ಸಂಸ್ಕೃತದ ಪರಿಭಾಷೆಗಿಂತ ನಮ್ಮ ಮಾತು ಚೆನ್ನಾಗಿ ಬಲ್ಲದು.

೧೯೯೯ರ ಶಾಸನದ ರಕ್ಷಣೆಗೆ ಮಿತಿಯುಂಟು. ಬೆಂಗಳೂರಿನಂತಹ ನಗರದಲ್ಲಿ ತಿಂಗಳಿಗೆ ೩೫೦೦ ರೂಪಾಯಿಗಳನ್ನು ಮೀರಿದ ಬಾಡಿಗೆಯ ಮನೆಗೆ ಅದು ಅನ್ವಯಿಸದು. ಅಂತಹ ಮನೆಯ ಬಾಡಿಗೆದಾರನಿಗೆ ೧೮೮೨ರ ಶಾಸನವೇ ಗತಿ. ಬೇರೆ ಕರಾರಿಲ್ಲದ ತಿಂಗಳಬಾಡಿಗೆಯಲ್ಲಿ ೧೫ ದಿನಗಳ ನೋಟೀಸು ಸಾಕು, ಕಾರಣವನ್ನು ಹೇಳಬೇಕಾದುದಿಲ್ಲ. ವರ್ಷದ ಅವಕ್ರಯವನ್ನು ಸಲ್ಲಿಸಿದ್ದ ಕೌಟಲ್ಯನ ಬಾಡಿಗೆದಾರನಿಗಾದರೋ ಅವನ ತಪ್ಪನ್ನು ತೋರಿಸಬೇಕಾಗಿತ್ತು.