ಚೀನಾ ಪಿಚ್ಚರ್ ಅಂದ್ರ ಬರೀ ಹೊಡೆದಾಟ ಏನು?

ಸಾಲಗುಂದ: ಚೀನಾ ಪಿಚ್ಚರ್ ಎಂದರೆ ಈ ಭಾಗದ ಜನಕ್ಕೆ ಎರಡೇ ಹೆಸರು. ಒಂದು ಬ್ರೂಸ್ ಲೀ, ಇನ್ನೊಂದು ಜಾಕಿ ಚಾನ್. ಇಲ್ಲಿನ ಚಹಾದಂಗಡಿಯಲ್ಲಾಗಲಿ, ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಾಗಲಿ ಮೂರನೇ ಹೆಸರು ಕೇಳಿದರೆ ಮಂದಿ ಮಿಕಿಮಿಕಿ ನೋಡುತ್ತಾರೆ. ತಪ್ಪು ಅವರದಲ್ಲ. ತಂದು ತೋರಿಸಿದ್ದೇ ಅಷ್ಟು.

ಬ್ರೂಸ್ ಲೀ ತೀರಿಕೊಂಡಿದ್ದು 1973ರ ಜುಲೈ 20ರಂದು, 32ನೇ ವಯಸ್ಸಿನಲ್ಲಿ. ಮರು ತಿಂಗಳೇ ‘ಎಂಟರ್ ದಿ ಡ್ರ್ಯಾಗನ್’ ಬಿಡುಗಡೆಯಾಯಿತು. ಅಸಲಿಗೆ ಅದು ಪೂರಾ ಚೀನಾ ಪಿಚ್ಚರೂ ಅಲ್ಲ. ಅಮೆರಿಕದ ಕಂಪನಿ ಹಾಂಗ್‌ಕಾಂಗ್‌ನವರ ಜೊತೆ ಸೇರಿ ತೆಗೆದದ್ದು, ಮಾತು ಇಂಗ್ಲಿಷಿನದು. ಹಾಂಗ್‌ಕಾಂಗ್ ಚೀನಾದ ಕೈಗೆ ಮರಳಿದ್ದೇ 1997ರಲ್ಲಿ. ಆದರೆ ಒದೆತಕ್ಕೆ ಭಾಷೆ ಯಾಕೆ ಬೇಕು? ಟೂರಿಂಗ್ ಟಾಕೀಜಿನ ಕಾಲದಲ್ಲಿ ಮರಳ ಮೇಲೆ ಕುಂತವನಿಗೂ, ಹಿಂದೆ ಕುರ್ಚಿ ಹಾಕಿಸಿಕೊಂಡ ಗೌಡರಿಗೂ ಇಂಥ ಪಿಚ್ಚರು ಒಂದೇ ಸಮ ತಿಳಿಯುತ್ತಿತ್ತು.

ಜಾಕಿ ಚಾನ್ ಅಂತೂ ಮನೆ ಬಾಗಿಲಿಗೇ ಬಂದು ಹೋದ. 2005ರಲ್ಲಿ ತೆರೆಕಂಡ ‘ದಿ ಮಿಥ್’ ಚಿತ್ರಕ್ಕಾಗಿ ಹಂಪಿಯ ಬಂಡೆಗಳ ನಡುವೆ ಶೂಟಿಂಗ್ ನಡೆಯಿತು. ಜೊತೆಗೆ ನಮ್ಮ ಹಿಂದಿ ನಟಿ ಮಲ್ಲಿಕಾ ಶೆರಾವತ್. ಕಾರಟಗಿ, ಗಂಗಾವತಿ ದಾಟಿ ಆನೆಗೊಂದಿ ಮುಟ್ಟಿದರೆ ಆಚೆ ದಡವೇ ಹಂಪಿ. ಅಷ್ಟು ಹತ್ತಿರ ಬಂದರೂ ಕಂಡಿದ್ದು ಮತ್ತದೇ ಹೊಡೆದಾಟ.

ಬಾರದೆ ಉಳಿದ ಪಿಚ್ಚರುಗಳ ಕಥೆಯೇ ಬೇರೆ. ಜಾಂಗ್ ಯಿಮೌ ಎಂಬ ನಿರ್ದೇಶಕ 1987ರಲ್ಲಿ ‘ರೆಡ್ ಸೋರ್ಗಮ್’ ತೆಗೆದ. ಹೆಸರಿಗೆ ಹೆದರಬೇಕಿಲ್ಲ, ಕೆಂಜೋಳ ಅಂತ ಅರ್ಥ. ಆಳೆತ್ತರ ಬೆಳೆದ ಜೋಳದ ಹೊಲ, ಜೋಳದಿಂದ ಸೆರೆ ಇಳಿಸುವ ಭಟ್ಟಿ, ಅದರ ಮೇಲೆ ದಂಡೆತ್ತಿ ಬಂದ ಜಪಾನಿನ ಸೈನ್ಯ. 1988ರಲ್ಲಿ ಬರ್ಲಿನ್‌ನಲ್ಲಿ ಅದಕ್ಕೆ ಚಿನ್ನದ ಕರಡಿ ಪ್ರಶಸ್ತಿ. ಎಡದಂಡೆ ಕಾಲುವೆ ನೀರು ಬಂದು ಭತ್ತ ಹಚ್ಚುವ ಮೊದಲು ಜೋಳವನ್ನೇ ನಂಬಿದ್ದ ಈ ಸೀಮೆಗೆ ಆ ಹೊಲದ ಗುರುತು ಹೇಳಿಕೊಡಬೇಕೆ?

ಇದೇ ನಿರ್ದೇಶಕನ ಇನ್ನೊಂದು ಪಿಚ್ಚರ್ 1999ರ ‘ನಾಟ್ ಒನ್ ಲೆಸ್’. ಬಡ ಹಳ್ಳಿಯ ಶಾಲೆ. ತಾಯಿಗೆ ಜಡ್ಡಾಗಿ ಮಾಸ್ತರು ಒಂದು ತಿಂಗಳು ರಜೆ. ಬದಲಿಗೆ ಬಂದವಳು 13 ವರ್ಷದ ಹುಡುಗಿ, ಸಂಬಳ 50 ಯುವಾನ್. ಒಂದು ಮಗುವೂ ಶಾಲೆ ಬಿಡದಂತೆ ನೋಡಿಕೊಂಡರೆ ಮೇಲೆ 10. ದಿನಕ್ಕೆ ಒಂದೇ ಸೀಮೆಸುಣ್ಣ, ಹೆಚ್ಚು ಖರ್ಚು ಮಾಡುವಂತಿಲ್ಲ. ಅಷ್ಟರಲ್ಲಿ ಮನೆಯ ಸಾಲಕ್ಕೆ ಒಬ್ಬ ಹುಡುಗ ದುಡಿಯಲು ಪಟ್ಟಣಕ್ಕೆ ಹೋಗುತ್ತಾನೆ. ನಮ್ಮಲ್ಲಿ ಇದಕ್ಕೆ ಗುಳೆ ಅನ್ನುತ್ತಾರೆ. ಅವನನ್ನು ಹುಡುಕಲು ಬಸ್ ಚಾರ್ಜು ಬೇಕು. ಮಕ್ಕಳೆಲ್ಲ ಸೇರಿ ಇಟ್ಟಿಗೆ ಹೊರುತ್ತಾರೆ, ಚಾರ್ಜಿನ ಲೆಕ್ಕವೇ ಆ ದಿನದ ಗಣಿತ ಪಾಠ! ಆದರೂ ದುಡ್ಡು ಸಾಲದೆ, ಟಿಕೆಟ್ ಇಲ್ಲದೆ ಬಸ್ ಹತ್ತಿದವಳನ್ನು ನಡುದಾರಿಯಲ್ಲಿ ಇಳಿಸಿ ಹೋಗುತ್ತಾರೆ. ಪಾತ್ರ ಮಾಡಿದವರು ಹೆಚ್ಚಾಗಿ ಹಳ್ಳಿಯ ಸಾಮಾನ್ಯ ಜನ, ನಟರಲ್ಲ. ವೆನಿಸ್‌ನಲ್ಲಿ ಚಿನ್ನದ ಸಿಂಹ ಗೆದ್ದ ಈ ಚಿತ್ರವನ್ನು ದಿನಾ ಬಸ್ಸಿಗೆ ಜೋತುಬೀಳುವ ನಮ್ಮವರು ನೋಡದಿದ್ದರೆ ಇನ್ಯಾರು ನೋಡಬೇಕು?

ತೊಡಕು ಮಾತಿನದು. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಕಟ್ಟು ಇತ್ತು. ಕನ್ನಡ ಕಲಾವಿದರ ಹೊಟ್ಟೆಪಾಡಿನ ಪ್ರಶ್ನೆ ಅದು, ಸುಮ್ಮನೆ ಹಟವಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸಲ್ಲದೆಂದಿತು. 2017ರಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು, ಗಲಾಟೆಯೂ ಆಯಿತು. ಗಡಿಯ ಜನ ತೆಲುಗು, ಹಿಂದಿಯಲ್ಲಿ ನೋಡಿಕೊಂಡಾರು ಎನ್ನಬಹುದು. ಒದೆತ ತಿಳಿದೀತು, ಆ ಹುಡುಗಿಯ ಮಾತು?

ಇಂಥದ್ದು ಹಳ್ಳಿಯಲ್ಲಿ ನಡೆಯಲಾರದು ಎನ್ನುವವರು ಸಾಗರ ತಾಲೂಕಿನ ಹೆಗ್ಗೋಡು ನೋಡಬೇಕು. ಅಡಿಕೆ ಬೆಳೆಗಾರರ ಪುಟ್ಟ ಊರು. ಅಲ್ಲಿನ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ, ದೇಶವಿದೇಶದ ಪಿಚ್ಚರು ತರಿಸಿ, ಕನ್ನಡದಲ್ಲಿ ತಿಳಿಸಿ ಹೇಳಿ ತೋರಿಸಿತು. ಮುಂದೆ ನಿಂತವರು ಕೆ.ವಿ. ಸುಬ್ಬಣ್ಣ. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಸಾಲಗುಂದದಲ್ಲಿ ಬಿಳಿ ಸುಣ್ಣದ ಒಂದು ಗೋಡೆ ಸಿಗದೆ ಇರಲಿಕ್ಕಿಲ್ಲ. ಎದ್ದು ನಿಂತು ಮಾತು ಬಿಡಿಸಿ ಹೇಳುವ ಮಾಸ್ತರೊಬ್ಬರು ಬೇಕು. ‘ನಾಟ್ ಒನ್ ಲೆಸ್’ ಒಂದೂಮುಕ್ಕಾಲು ತಾಸಿನ ಪಿಚ್ಚರ್. ರಾತ್ರಿ ಎಂಟಕ್ಕೆ ಹಚ್ಚಿದರೆ ಹತ್ತರೊಳಗೆ ಎಲ್ಲರೂ ಮನೆ ಸೇರಬಹುದು.