ಒಡೆದದ್ದು ಬಾಯಿಗೆ, ಇಡೀದು ಮೊರಕ್ಕೆ

ಮುಂಗಾರು ಬಿತ್ತನೆಗೆ ಮುಂಚೆ ಶಿರಾ, ಪಾವಗಡ ಸೀಮೆಯ ಯಾವ ಪಡಸಾಲೆಗೆ ಹೋದರೂ ಕಡ್ಲೆಕಾಯಿ ಸುಲಿಯುವ ಚಟಪಟ ಕೇಳುತ್ತಿತ್ತು. ಯಂತ್ರ ಬಂದಮೇಲೆ ಅದೆಲ್ಲ ಮುಗಿದಿರಬೇಕು ಅಂದುಕೊಂಡೇ ಬರಗೂರಿನ ಕಡೆ ಹೋಗಿದ್ದೆ. ಮುಗಿದಿಲ್ಲ. ಊರಾಚೆಯ ಮನೆಯೊಂದರಲ್ಲಿ ಕಾಯಿರಾಶಿಯ ಸುತ್ತ ಮನೆಮಂದಿಯೆಲ್ಲ ಕೂತಿದ್ದರು. ಅವರ ನಡುವೆ, ಇನ್ನೂ ಒಂದು ಹಾಲುಹಲ್ಲೂ ಬೀಳದ ಹುಡುಗ.

ಅವನ ಕೆಲಸ ನೋಡುತ್ತ ಬಂದ ಕೆಲಸ ಮರೆತೆ. ಕಾಯಿಯ ಮೂತಿಯನ್ನು ನೆಲಗಲ್ಲಿಗೆ ಒಮ್ಮೆ ಕುಟ್ಟುತ್ತಾನೆ, ಬಿರುಕಿಗೆ ಎರಡೂ ಹೆಬ್ಬೆರಳಿಟ್ಟು ಅದುಮುತ್ತಾನೆ, ಬೀಜ ಮೊರಕ್ಕೆ, ಸಿಪ್ಪೆ ಹಿಂದಕ್ಕೆ. ಅಜ್ಜಿ ಹತ್ತು ಕಾಯಿ ಸುಲಿಯುವಷ್ಟರಲ್ಲಿ ಇವನದು ಒಂದು. ಯಾರೂ ‘ಭೇಷ್’ ಅನ್ನಲಿಲ್ಲ, ‘ಬೇಗ’ ಅಂತಲೂ ಅನ್ನಲಿಲ್ಲ. ಒಂದು ಬೀಜ ಹೋಳಾದಾಗ ಮಾತ್ರ ಅಜ್ಜಿ ತಲೆ ಎತ್ತದೆಯೇ ಅಂದರು: “ಒಡೆದಿದ್ದು ಬಾಯಿಗೆ, ಇಡೀದು ಮೊರಕ್ಕೆ, ಮಗಾ.”

ಕೂಲಿ, ತಪಾಸಣೆ, ಪಾಠ ಮೂರೂ ಆ ಒಂದು ಮಾತಿನಲ್ಲಿವೆ. ಬೇಕೆಂದೇ ಒಡೆದು ತಿನ್ನಲ್ಲವೇ ಎಂದು ಕೇಳಿದೆ. “ತಿಂತಾನೆ ಸಾಮಿ. ಎಷ್ಟು ತಿಂದಾನು? ಹೊಟ್ಟೆ ತುಂಬಿದ ಮ್ಯಾಲೆ ಇಡೀದೇ ಬರ್ತೈತೆ” ಅಂದರು. ಪಿತ್ತವಾಗದಿರಲಿ ಅಂತ ಬೆಲ್ಲದ ಚೂರೂ ಪಕ್ಕದಲ್ಲಿತ್ತು.

ಯಂತ್ರವಿದ್ದೂ ಕೈಯೇ ಯಾಕೆ? ಮಾರುವ ಕಾಯಿಗೆ ಯಂತ್ರವಾದೀತು, ಬಿತ್ತನೆ ಬೀಜಕ್ಕೆ ಆಗಿಬರುವುದಿಲ್ಲ. ಕಡ್ಲೆಬೀಜದ ಮೊಳಕೆ ಒಂದು ತುದಿಯಲ್ಲಿ ಅಂಟಿಕೊಂಡಿರುತ್ತದೆ. ಪೆಟ್ಟು ಬಿದ್ದರೆ ಮೊದಲು ಕೆಡುವುದೇ ಅದು. ಮೇಲಿನ ಕೆಂಪು ಸಿಪ್ಪೆ ಹರಿದರೆ ಮಣ್ಣಿನಲ್ಲಿ ಬೂಷ್ಟು ಹತ್ತಿ ಬೀಜ ಕೊಳೆಯುತ್ತದೆ. ತಿಂಗಳುಗಟ್ಟಲೆ ಮೊದಲೇ ಸುಲಿದಿಟ್ಟರೂ ಮೊಳೆಯುವ ಶಕ್ತಿ ಕುಂದುತ್ತದೆ. ಹಾಗಾಗಿ ಮೋಡ ಕಟ್ಟುವ ಹೊತ್ತಿಗೇ ಸುಲಿಯಬೇಕು, ಮನೆಯ ಕೈಗಳೆಲ್ಲ ಬೇಕು. ಐದು ವರ್ಷದವನೂ ನಿಜವಾಗಿ ಬೇಕಾದವನೇ ಆಗುವುದು ಹೀಗೆ. ನನಗೆ ಹಿಡಿಸಿದ್ದೇ ಇದು: ಸುಮ್ಮನಿರಲಿ ಅಂತ ಅವನಿಗೆ ಕೊಟ್ಟ ಆಟದ ಕೆಲಸವಲ್ಲ. ಅವನು ಸುಲಿದ ಬೀಜವೂ ಹೊಲಕ್ಕೆ ಹೋಗುತ್ತದೆ.

ಇದನ್ನೇ ಪಟ್ಟಣದಲ್ಲಿ ಶುಲ್ಕ ತೆತ್ತು ಕಲಿಸುತ್ತೇವೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಶಾಲೆ ತೆರೆದು ನೀರು ಸುರಿಯುವುದು, ಗುಡಿಸುವುದು, ಒರೆಸುವುದನ್ನು ಪಾಠವಾಗಿಸಿದರು. ಕೈಕೆಲಸದ ಮೂಲಕವೇ ಕಲಿಯಬೇಕೆಂಬ ಗಾಂಧೀಜಿಯ ನಯೀ ತಾಲೀಮ್ 1937ರ ವಾರ್ಧಾ ಸಮ್ಮೇಳನದಲ್ಲಿ ರೂಪ ಪಡೆಯಿತು. ಇತ್ತ ಮನೆಯಲ್ಲಿ ರೊಟ್ಟಿ ತಟ್ಟಲು ಬಂದ ಮೂರು ವರ್ಷದ ಮಗುವನ್ನು ‘ಹೋಗಾಚೆ, ಗಲೀಜು ಮಾಡ್ತೀಯ’ ಎಂದು ಮೊಬೈಲು ಕೊಟ್ಟು ಅಟ್ಟುತ್ತೇವೆ. ಅದೇ ಮಗು ಹನ್ನೆರಡಕ್ಕೆ ಬಂದಾಗ ‘ಒಂದು ಲೋಟ ಎತ್ತಿಡಲ್ಲ’ ಎಂದು ಗೊಣಗುತ್ತೇವೆ.

ಅಳುಕೂ ಇದೆ. ಸಾಲಕ್ಕೆ ಹುಡುಗರನ್ನು ಕುರಿ ಕಾಯಲು ಜೀತಕ್ಕಿಟ್ಟ ಕಾಲ ಬಹಳ ಹಿಂದಿನದಲ್ಲ. ಜೀತಪದ್ಧತಿ ರದ್ದಾದದ್ದೇ 1976ರ ಕಾಯ್ದೆಯಿಂದ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ, ಹದಿನಾಲ್ಕರೊಳಗಿನ ಮಗು ಶಾಲೆ ಬಿಟ್ಟ ಮೇಲೋ ರಜೆಯಲ್ಲೋ ಮನೆಯವರಿಗೆ ನೆರವಾಗಬಹುದು ಅನ್ನುತ್ತದೆ, ಅಪಾಯದ ಕೆಲಸವನ್ನು ಬಿಟ್ಟು. ಈ ಸಡಿಲಿಕೆ ದುರುಪಯೋಗವಾಗುತ್ತದೆಂಬ ಟೀಕೆಯಲ್ಲಿ ಹುರುಳಿದೆ. ಶಾಲೆಯ ಗಂಟೆ ಬಾರಿಸಿದಾಗ ಮೊರ ಪಕ್ಕಕ್ಕೆ ಹೋಗಲೇಬೇಕು.

ಆ ಪಡಸಾಲೆಯಲ್ಲಿ ನನಗೆ ಹಿಡಿಸದ್ದೂ ಒಂದಿತ್ತು. ಸಿಪ್ಪೆ ಗುಡಿಸುವ ಹೊತ್ತು ಬಂದಾಗ ಹುಡುಗ ಬೆಲ್ಲ ಬಾಯಿಗಿಟ್ಟು ಎದ್ದು ಓಡಿದ. ಕಸಬರಿಕೆ ಕೈಗೆ ಬಂದದ್ದು ಅವನಕ್ಕನಿಗೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಅದರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು, ಗಂಡಸರು 97. ಆ ವ್ಯತ್ಯಾಸ ಶುರುವಾಗುವುದು ಇಂಥ ಪಡಸಾಲೆಯಲ್ಲೇ.

ನಿಮ್ಮ ಮನೆಯಲ್ಲೂ ಗಂಡುಮಗುವಿದ್ದರೆ ಈ ಭಾನುವಾರ ಕಸಬರಿಕೆಯನ್ನು ಅವನ ಕೈಗೆ ಕೊಡಿ. ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ ಗಿಡ್ಡ ಮಾಡಿಕೊಡಿ.