ತಾಯಿ ನುಂಗಿದ ಗುಳಿಗೆ, ಮಗು ಕೇಳಿದ ನ್ಯಾಯ

ಪಶ್ಚಿಮ ಜರ್ಮನಿಯ ಗ್ರುನೆಂಥಾಲ್ ಕಂಪನಿ 1957ರ ಅಕ್ಟೋಬರ್‌ನಲ್ಲಿ ‘ಕಾಂಟರ್ಗಾನ್’ ಎಂಬ ನಿದ್ರೆ ಗುಳಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದರೊಳಗಿದ್ದ ರಾಸಾಯನಿಕ ಥಾಲಿಡೋಮೈಡ್. ವೈದ್ಯರ ಚೀಟಿ ಇಲ್ಲದೆಯೂ ಸಿಗುತ್ತಿದ್ದ ಈ ಗುಳಿಗೆ ತೀರಾ ನಿರಪಾಯಕಾರಿ ಎಂದೇ ಪ್ರಚಾರವಾಯಿತು. ಮರುವರ್ಷ ಡಿಸ್ಟಿಲರ್ಸ್ ಕಂಪನಿ ಅದನ್ನು ‘ಡಿಸ್ಟಾವಾಲ್’ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಮಾರತೊಡಗಿತು. ಬಸಿರಿನ ಮೊದಲ ತಿಂಗಳುಗಳ ವಾಕರಿಕೆಗೂ ಅನೇಕ ತಾಯಂದಿರು ಇದನ್ನೇ ನುಂಗಿದರು.

ಮೊಟಕಾದ ಕೈಕಾಲುಗಳ ಶಿಶುಗಳು ಒಂದರ ಹಿಂದೊಂದು ಹುಟ್ಟತೊಡಗಿದವು. ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್ ಮತ್ತು ಆಸ್ಟ್ರೇಲಿಯಾದ ಪ್ರಸೂತಿ ತಜ್ಞ ವಿಲಿಯಂ ಮೆಕ್‌ಬ್ರೈಡ್ ಇಬ್ಬರೂ ಬೇರೆಬೇರೆಯಾಗಿ ಬೆರಳು ತೋರಿಸಿದ್ದು ಈ ಗುಳಿಗೆಯತ್ತಲೇ. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲೂ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲೂ ಅದರ ಮಾರಾಟ ನಿಂತಿತು. ಅಷ್ಟರಲ್ಲಿ 46 ದೇಶಗಳ ಸುಮಾರು 10,000 ಮಕ್ಕಳು ಇದಕ್ಕೆ ಬಲಿಯಾಗಿದ್ದರೆಂಬ ಅಂದಾಜಿದೆ. ಭ್ರೂಣಕ್ಕೆ ಈ ಔಷಧದಿಂದ ಅಪಾಯವಿದ್ದುದು ಮುಖ್ಯವಾಗಿ ಗರ್ಭಧಾರಣೆಯ 20ರಿಂದ 36ನೆಯ ದಿನದವರೆಗೆ. ಬಸಿರೆಂಬುದೇ ಎಷ್ಟೋ ತಾಯಂದಿರಿಗೆ ಖಚಿತವಾಗಿರದ ದಿನಗಳವು.

ಮೂರು ಪ್ರಶ್ನೆಗಳು

ನ್ಯಾಯಾಲಯದ ಮೆಟ್ಟಿಲೇರಿದ ತಂದೆತಾಯಿಗೆ ಮೂರು ಗೋಡೆಗಳು ಎದುರಾದವು. ಹುಟ್ಟುವ ಮೊದಲೇ ಆದ ಹಾನಿಗೆ ಮಗು ದಾವೆ ಹೂಡಬಹುದೇ? ಬ್ರಿಟನ್ನಿನ ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿರಲಿಲ್ಲ. ಊನಕ್ಕೆ ಗುಳಿಗೆಯೇ ಕಾರಣವೆಂದು ತೋರಿಸುವುದು ಹೇಗೆ? ಯಾವ ಔಷಧವನ್ನೂ ಮುಟ್ಟದ ತಾಯಂದಿರಿಗೂ ಊನವುಳ್ಳ ಮಕ್ಕಳು ಹುಟ್ಟುವುದುಂಟು. ಮೂರನೆಯದಂತೂ ಎಲ್ಲಕ್ಕಿಂತ ಕಷ್ಟದ್ದು: ಕಂಪನಿ ನಿರ್ಲಕ್ಷ್ಯ ತೋರಿತೆಂದು ಸಾಬೀತು ಮಾಡಬೇಕಿತ್ತು. ಅದಕ್ಕೆ ಬೇಕಾದ ದಾಖಲೆಗಳೆಲ್ಲ ಇದ್ದುದು ಕಂಪನಿಯ ಕಪಾಟಿನಲ್ಲೇ!

ಹೀಗಾಗಿ ತೀರ್ಪಿಗಿಂತ ರಾಜಿಯೇ ಮುಂದಾಯಿತು. ಬ್ರಿಟನ್ನಿನ 62 ಮಕ್ಕಳ ಕುಟುಂಬಗಳು 1968ರಲ್ಲಿ ನಿರ್ಲಕ್ಷ್ಯದ ಆರೋಪವನ್ನು ಕೈಬಿಟ್ಟು, ಪೂರ್ಣ ಪರಿಹಾರದ ಶೇಕಡಾ 40ಕ್ಕೆ ಒಪ್ಪಿಕೊಂಡವು. ಉಳಿದ ಮಕ್ಕಳ ಪರ ‘ಸಂಡೇ ಟೈಮ್ಸ್’ ಪತ್ರಿಕೆ 1972ರಲ್ಲಿ ದೊಡ್ಡ ಆಂದೋಲನವನ್ನೇ ನಡೆಸಿತು. 1973ರಲ್ಲಿ ಡಿಸ್ಟಿಲರ್ಸ್ ಸುಮಾರು 2 ಕೋಟಿ ಪೌಂಡ್ ಕೊಡಲು ಒಪ್ಪಿತು. ಮಕ್ಕಳಿಗಾಗಿ ಟ್ರಸ್ಟ್ ಹುಟ್ಟಿತು. ಜರ್ಮನಿಯ ಆಲ್ಸ್‌ಡಾರ್ಫ್‌ನಲ್ಲಿ 1968ರಲ್ಲಿ ಆರಂಭವಾದ ಕ್ರಿಮಿನಲ್ ವಿಚಾರಣೆ 1970ರ ಡಿಸೆಂಬರ್‌ನಲ್ಲಿ ತೀರ್ಪಿಲ್ಲದೆಯೇ ಮುಗಿಯಿತು. ಕಂಪನಿ 10 ಕೋಟಿ ಮಾರ್ಕ್ ನೀಡಿತು. ಅದು ಕ್ಷಮೆ ಕೇಳಿದ್ದು ಮಾತ್ರ 2012ರಲ್ಲಿ.

ಈ ಮಕ್ಕಳ ಹೋರಾಟ ಕಾನೂನಿಗೆ ಪಾಠ ಕಲಿಸಿತು. ಗರ್ಭದಲ್ಲಾದ ಹಾನಿಗೆ, ಜೀವಂತವಾಗಿ ಹುಟ್ಟಿದ ಮಗು ಪರಿಹಾರ ಕೇಳಬಹುದೆಂದು ಬ್ರಿಟನ್ 1976ರಲ್ಲಿ ಕಾಯ್ದೆ ಮಾಡಿತು. ನಿರ್ಲಕ್ಷ್ಯ ಸಾಬೀತಾಗದಿದ್ದರೂ ಔಷಧ ತಯಾರಕರನ್ನು ಹೊಣೆಯಾಗಿಸುವ ಕಾಯ್ದೆಗೆ ಜರ್ಮನಿ ಅದೇ ವರ್ಷ ಒಪ್ಪಿಗೆಯಿತ್ತಿತು. ದೋಷವಿರುವ ಉತ್ಪನ್ನಗಳ ವಿಷಯದಲ್ಲಿ ಬ್ರಿಟನ್ 1987ರಲ್ಲಿ ಅದೇ ದಾರಿ ಹಿಡಿಯಿತು.

ನಮ್ಮಲ್ಲಿರುವ ದಾರಿ

ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನದ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ತಯಾರಿಕೆಯಲ್ಲಿ ದೋಷವಿದ್ದರೆ ಅಥವಾ ಸಾಕಷ್ಟು ಎಚ್ಚರಿಕೆ ಮುದ್ರಿಸದಿದ್ದರೆ ತಯಾರಕರ ವಿರುದ್ಧ ದೂರು ಕೊಡಬಹುದು. ಎಚ್ಚರಿಕೆಯನ್ನು ವೈದ್ಯರಿಗೆ ಸರಿಯಾಗಿ ತಿಳಿಸಿದ್ದೇವೆಂದು ಕಂಪನಿ ತೋರಿಸಿಕೊಟ್ಟರೆ ಆ ಆಕ್ಷೇಪದಿಂದ ಅದು ಪಾರಾಗಬಹುದು. ಆಗ ಪ್ರಶ್ನೆ ಚೀಟಿ ಬರೆದವರತ್ತ ತಿರುಗುತ್ತದೆ. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ಣ ಉಚಿತ ಚಿಕಿತ್ಸೆ ನೀಡುವ ಆಸ್ಪತ್ರೆಯ ಪ್ರಕರಣವಾದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು.

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಗಡುವಿದೆ. ತಡವಾದರೆ ತಕ್ಕ ಕಾರಣ ಹೇಳಬೇಕು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಹೆಂಗಸರಿಗೆ ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರಾಯಿತು.

ಆದರೆ ಯಾವ ಕಾನೂನೂ ಎರಡನೆಯ ಗೋಡೆಯನ್ನು ಕೆಡವಿಲ್ಲ. ಯಾವ ಔಷಧ, ಯಾವ ತಿಂಗಳಲ್ಲಿ, ಎಷ್ಟು ದಿನ ಎಂಬುದಕ್ಕೆ ಇಂದಿಗೂ ಪುರಾವೆ ಬೇಕು. ವೈದ್ಯರ ಚೀಟಿ, ಅಂಗಡಿಯ ಬಿಲ್ಲು, ಬ್ಯಾಚ್ ಸಂಖ್ಯೆಯಿರುವ ಮಾತ್ರೆಯ ಹಾಳೆ, ಸ್ಕ್ಯಾನಿಂಗ್ ವರದಿ ಇವೇ ಮಗುವಿನ ಸಾಕ್ಷಿಗಳು. ಬಸುರಿಯರು ಇವನ್ನು ತಾಯಿ ಕಾರ್ಡಿನ ಜೊತೆಗೇ ಜೋಪಾನವಾಗಿಡುವುದು ಒಳ್ಳೆಯದು. ಮೂರ್ಛೆರೋಗದಂಥ ಕಾಯಿಲೆಗೆ ಮಾತ್ರೆ ಸೇವಿಸುತ್ತಿರುವವರು ಇದನ್ನೋದಿ ಗಾಬರಿಯಿಂದ ತಾವಾಗಿಯೇ ಅದನ್ನು ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಮಗು ಬೇಕೆಂದು ಯೋಚಿಸುವಾಗಲೇ ವೈದ್ಯರ ಬಳಿ ಹೋಗಿ, ‘ಈ ಮಾತ್ರೆ ಬಸಿರಿಗೆ ಸಲ್ಲುತ್ತದೆಯೇ?’ ಎಂದು ಕೇಳಿ ಉತ್ತರ ಪಡೆಯಬೇಕು.